ಹಾಡು ಒಂದೇ ಕಿವಿಗೆ ಕೇಳಿಸುತ್ತಿದೆಯೇ? ದೋಷ ಪತ್ತೆಗೆ ಇಲ್ಲಿದೆ ದಾರಿ

ಮನೆಯ ಹಿರಿಯರೊಬ್ಬರಿಂದ ಸೋಬಾನೆ ಪದಗಳನ್ನು ಹಾಡಿಸಿ ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳಲಾಗಿದೆ. ಬಳಿಕ ಹೆಡ್‌ಫೋನ್ ಹಾಕಿ ಆಲಿಸಿದರೆ ಧ್ವನಿ ಎಡಗಿವಿಗೆ ಮಾತ್ರ ಕೇಳಿಸುತ್ತಿದೆ, ಬಲಗಿವಿಗೆ ಬರೀ ಮೌನ. ಅದೇ ಹಿರಿಯರನ್ನು ಕೂರಿಸಿ ಮತ್ತೆ ಹಾಡಿಸುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ಆದರೆ ಇಂತಹ ಬಹುಪಾಲು ಪ್ರಕರಣಗಳಲ್ಲಿ ಮುದ್ರಣ ಹಾಳಾಗಿರುವುದಿಲ್ಲ. ದೋಷ ಆಲಿಸುವ ಸಾಧನದಲ್ಲಿದೆಯೇ, ಮುದ್ರಣದಲ್ಲಿದೆಯೇ ಅಥವಾ ತಂತ್ರಾಂಶದ ಹೊಂದಾಣಿಕೆಯಲ್ಲಿದೆಯೇ ಎಂಬುದನ್ನು ಮೊದಲು ಗುರುತಿಸಿದರೆ ಪರಿಹಾರ ಸುಲಭ. ತಿದ್ದುಪಡಿಗೆ ತೊಡಗುವ ಮುನ್ನ ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳುವುದು ಕಡ್ಡಾಯ.

ಎಡ-ಬಲದ ಲೆಕ್ಕ

ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್ಲೀನ್ ಎರಡು ವಾಹಿನಿಗಳ ಧ್ವನಿಮುದ್ರಣ ವಿಧಾನಕ್ಕೆ 1931ರಲ್ಲಿ ಹಕ್ಕುಸ್ವಾಮ್ಯಕ್ಕಾಗಿ ಅರ್ಜಿ ಸಲ್ಲಿಸಿದರು. ಇಂದಿನ ಸ್ಟೀರಿಯೊ ಪದ್ಧತಿಗೆ ಅದೇ ಬುನಾದಿ. ಸದ್ದು ಎರಡು ಕಿವಿಗಳನ್ನು ತಲುಪುವ ಸಮಯದಲ್ಲಿನ ಅತ್ಯಲ್ಪ ಅಂತರ ಹಾಗೂ ಪ್ರಮಾಣದಲ್ಲಿನ ವ್ಯತ್ಯಾಸದಿಂದ ಅದು ಯಾವ ದಿಕ್ಕಿನದೆಂದು ಮೆದುಳು ಊಹಿಸುತ್ತದೆ. ಧ್ವನಿಮುದ್ರಣ ತಂತ್ರಾಂಶಗಳಲ್ಲಿರುವ 'ಪ್ಯಾನ್' ಸೌಲಭ್ಯ ಸಾಮಾನ್ಯವಾಗಿ ಎರಡನೆಯದನ್ನಷ್ಟೇ ಬಳಸುತ್ತದೆ. ಒಂದೇ ಧ್ವನಿಯನ್ನು ಎಡಕ್ಕೆಷ್ಟು, ಬಲಕ್ಕೆಷ್ಟು ಕಳುಹಿಸಬೇಕೆಂದು ಅದು ನಿರ್ಧರಿಸುತ್ತದೆ.

ಮೊದಲ ಪರೀಕ್ಷೆ ಹೆಡ್‌ಫೋನಿಗೆ

ಎರಡೂ ಕಿವಿಗೆ ಸರಿಯಾಗಿ ಕೇಳಿಸುವುದೆಂದು ಖಚಿತವಾಗಿ ಗೊತ್ತಿರುವ ಚಿತ್ರಗೀತೆಯೊಂದನ್ನು ಅದೇ ಗಣಕಯಂತ್ರದಲ್ಲಿ ನುಡಿಸಬೇಕು. ಅದೂ ಒಂದೇ ಕಡೆ ಕೇಳಿಸಿದರೆ ತಂತ್ರಾಂಶ ನಿರಪರಾಧಿ. ಹೆಡ್‌ಫೋನ್ ತಂತಿ ತುಂಡಾಗಿರಬಹುದು, ಪಿನ್ ಪೂರ್ತಿ ಒಳಗೆ ಹೋಗದಿರಬಹುದು ಅಥವಾ ವಿಂಡೋಸ್, ಮ್ಯಾಕ್ ವ್ಯವಸ್ಥೆಯ ಧ್ವನಿ ಹೊಂದಾಣಿಕೆಯಲ್ಲಿ ಎಡ-ಬಲದ ಸಮತೋಲನ ಒಂದು ಕಡೆಗೆ ಸರಿದಿರಬಹುದು.

ಇದಕ್ಕೆ ವಿರುದ್ಧವಾದ ಸಮಸ್ಯೆಯೂ ಉಂಟು. ಪ್ಯಾನ್ ಎಷ್ಟು ಸರಿಸಿದರೂ ಧ್ವನಿ ನಡುವೆಯೇ ನಿಂತಿದ್ದರೆ, ವ್ಯವಸ್ಥೆಯ 'ಮೋನೊ ಆಡಿಯೊ' ಆಯ್ಕೆ ಚಾಲನೆಯಲ್ಲಿದೆಯೇ ಎಂದು ನೋಡಬೇಕು. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕನ್ನೇ ಮುದ್ರಣಕ್ಕೆ ಬಳಸಿದಾಗ ಅನೇಕ ಸಾಧನಗಳು ದೂರವಾಣಿ ಕರೆಯ ಸ್ಥಿತಿಗೆ ಇಳಿದು ಎರಡೂ ಕಿವಿಗೆ ಒಂದೇ ಧ್ವನಿ ನೀಡುತ್ತವೆ. ಮೈಕ್ ಬದಲಿಸಿದರೆ ಇದು ಸರಿಹೋಗುತ್ತದೆ.

ಅಲೆಯ ಚಿತ್ರವೇ ಸಾಕ್ಷಿ

ಉಚಿತವಾಗಿ ದೊರೆಯುವ, 2000ದಲ್ಲಿ ಮೊದಲು ಬಿಡುಗಡೆಯಾದ ಆಡಾಸಿಟಿ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಸ್ಟೀರಿಯೊ ಟ್ರ್ಯಾಕಿನಲ್ಲಿ ಮೇಲಿನ ಅಲೆ ಎಡ ವಾಹಿನಿಯದು, ಕೆಳಗಿನದು ಬಲ ವಾಹಿನಿಯದು. ಎರಡೂ ಅಲೆಗಳು ಸಮನಾಗಿದ್ದು ಧ್ವನಿ ಮಾತ್ರ ಒಂದು ಕಡೆ ಕೇಳಿಸಿದರೆ ಟ್ರ್ಯಾಕಿನ ಪಕ್ಕದಲ್ಲಿರುವ ಪ್ಯಾನ್ ಸರಿಗುಂಡಿ ನಡುವಿನಿಂದ ಜರುಗಿದೆ ಎಂದು ತಿಳಿಯಬೇಕು. ಕೆಳಗಿನ ಅಲೆಯ ಜಾಗದಲ್ಲಿ ನೇರ ಗೆರೆಯಷ್ಟೇ ಇದ್ದರೆ ದೋಷ ಮುದ್ರಣದ ಹಂತದ್ದು.

ಎರಡು ಮೈಕ್‌ಗಳಿಗೆ ಅವಕಾಶವಿರುವ ಆಡಿಯೊ ಇಂಟರ್‌ಫೇಸ್‌ನಲ್ಲಿ ಮೊದಲ ಕಿಂಡಿಗೆ ಮಾತ್ರ ಮೈಕ್ ಜೋಡಿಸಿ ಸ್ಟೀರಿಯೊ ಮುದ್ರಣ ಮಾಡಿದಾಗ ಹೀಗಾಗುವುದು ಸಾಮಾನ್ಯ. ಮೊದಲ ಕಿಂಡಿ ಎಡಕ್ಕೆ, ಎರಡನೆಯದು ಬಲಕ್ಕೆ ಸೇರುತ್ತದೆ. ಮುದ್ರಣಕ್ಕೆ ಮುನ್ನವೇ 'ಮೋನೊ' ಆಯ್ದುಕೊಂಡಿದ್ದರೆ ಈ ತೊಂದರೆ ಬಾರದು.

ಈಗಾಗಲೇ ಮುದ್ರಣವಾಗಿದ್ದರೂ ಚಿಂತೆಯಿಲ್ಲ. ಆಡಾಸಿಟಿಯ 3ನೇ ಸರಣಿಯ ಆವೃತ್ತಿಗಳಲ್ಲಿ ಟ್ರ್ಯಾಕಿನ ಹೆಸರಿನ ಬಳಿಯ ಪಟ್ಟಿಯಲ್ಲಿ 'ಸ್ಪ್ಲಿಟ್ ಸ್ಟೀರಿಯೊ ಟು ಮೋನೊ' ಆಯ್ದುಕೊಂಡು, ಖಾಲಿ ಭಾಗವನ್ನು ಅಳಿಸಿದರೆ ಉಳಿದ ಧ್ವನಿ ಎರಡೂ ಕಿವಿಗೆ ಸಮನಾಗಿ ಕೇಳಿಸುತ್ತದೆ. ಇದರ ಬದಲು ಎರಡೂ ವಾಹಿನಿಗಳನ್ನು ಮೋನೊಗೆ ಬೆರೆಸುವ ಆದೇಶ ನೀಡಿದರೆ ಧ್ವನಿ ಮೌನದೊಂದಿಗೆ ಸರಾಸರಿಗೊಂಡು ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ.

ಸರಿಸಿದಾಗ ವಾದ್ಯವೇ ಮಾಯ

ತಬಲಾ ಬಲಗಡೆ, ಕೊಳಲು ಎಡಗಡೆ ಇರುವ ಸ್ಟೀರಿಯೊ ಮುದ್ರಣವನ್ನು ಪೂರ್ತಿ ಎಡಕ್ಕೆ ಸರಿಸಿದಾಗ ತಬಲಾ ಎಡಕ್ಕೆ ಬಾರದೆ ಕಾಣೆಯಾಗುವುದುಂಟು. ಇದು ದೋಷವಲ್ಲ. ಹಲವು ತಂತ್ರಾಂಶಗಳಲ್ಲಿ ಸ್ಟೀರಿಯೊ ಟ್ರ್ಯಾಕಿನ ಪ್ಯಾನ್ ವಾಸ್ತವದಲ್ಲಿ ಸಮತೋಲನದ ಗುಂಡಿ. ಎಡಕ್ಕೆ ತಿರುಗಿಸಿದರೆ ಬಲ ವಾಹಿನಿಯನ್ನು ತಗ್ಗಿಸುತ್ತದೆಯೇ ಹೊರತು ಅದರ ಧ್ವನಿಯನ್ನು ಎಡಕ್ಕೆ ಸಾಗಿಸುವುದಿಲ್ಲ. ವಾಹಿನಿಗಳನ್ನು ಎರಡು ಮೋನೊ ಟ್ರ್ಯಾಕುಗಳಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಬೇಕಾದಲ್ಲಿ ಇರಿಸುವುದೇ ಇದಕ್ಕೆ ಉಪಾಯ.

ಒಂದು ತಂತ್ರಾಂಶದಲ್ಲಿ ಹದಗೊಳಿಸಿದ ಹಾಡನ್ನು ಇನ್ನೊಂದರಲ್ಲಿ ತೆರೆದಾಗ ಗಾಯಕರ ದನಿ ಹಿಂದೆ ಸರಿದಂತೆ ಅಥವಾ ಮುಂದೆ ಬಂದಂತೆ ಅನಿಸಬಹುದು. ಇದಕ್ಕೆ 'ಪ್ಯಾನ್ ಲಾ' ಎಂಬ ನಿಯಮ ಕಾರಣ. ಒಂದೇ ಧ್ವನಿ ಎರಡು ಸ್ಪೀಕರ್‌ಗಳಿಂದ ಹೊಮ್ಮಿದಾಗ ಹೆಚ್ಚು ಗಟ್ಟಿಯಾಗಿ ಕೇಳಿಸುವುದರಿಂದ ಕೆಲವು ತಂತ್ರಾಂಶಗಳು ನಡುವಿನ ಧ್ವನಿಯನ್ನು 3 ಡೆಸಿಬೆಲ್ ತಗ್ಗಿಸುತ್ತವೆ, ಕೆಲವು ತಗ್ಗಿಸುವುದಿಲ್ಲ. ಕ್ಯೂಬೇಸ್, ರೀಪರ್ ಮುಂತಾದವುಗಳಲ್ಲಿ ಇದನ್ನು ಬದಲಿಸಲು ಅವಕಾಶವಿದೆ.

ಮೊಬೈಲ್‌ನಲ್ಲಿ ಕಾಣೆಯಾಗುವ ದನಿ

ಹೆಡ್‌ಫೋನ್‌ನಲ್ಲಿ ಕೇಳಿಸುವ ದನಿ ಒಂದೇ ಸ್ಪೀಕರ್ ಇರುವ ಮೊಬೈಲ್‌ನಲ್ಲಿ ಮಾಯವಾದರೆ ಅದು ಗಂಭೀರ ಸೂಚನೆ. ಎಡ-ಬಲದ ಅಲೆಗಳು ಪರಸ್ಪರ ತಲೆಕೆಳಗಾಗಿದ್ದರೆ ಬೆರೆತಾಗ ಒಂದನ್ನೊಂದು ಅಳಿಸಿಹಾಕುತ್ತವೆ. ವೃತ್ತಿಪರ ಮೈಕಿನ ಎರಡು ಸಂಕೇತ ತಂತಿಗಳನ್ನು ತಪ್ಪಾಗಿ ಸ್ಟೀರಿಯೊ ಕಿಂಡಿಯ ಎಡ-ಬಲಕ್ಕೆ ಜೋಡಿಸಿದಾಗ ಹೀಗಾಗುತ್ತದೆ. ಟ್ರ್ಯಾಕನ್ನು ಬೇರ್ಪಡಿಸಿ, ಒಂದು ಭಾಗಕ್ಕೆ ಮಾತ್ರ 'ಇನ್ವರ್ಟ್' ಪರಿಣಾಮ ಅನ್ವಯಿಸಿದರೆ ದನಿ ಮರಳುತ್ತದೆ.

ಎಲ್ಲ ಸರಿಹೋದ ಮೇಲೂ ಹಂಚುವ ಮುನ್ನ ಹಾಡನ್ನು ಒಮ್ಮೆ ಮೋನೊದಲ್ಲಿ ಆಲಿಸುವುದು ಒಳಿತು. ಒಂದೇ ಕಿವಿ ಕೇಳಿಸುವವರಿಗೆ ಪೂರ್ತಿ ಇನ್ನೊಂದು ಬದಿಗೆ ಸರಿಸಿದ ಧ್ವನಿ ಹೆಡ್‌ಫೋನ್‌ನಲ್ಲಿ ಇಲ್ಲದಂತೆಯೇ ಸರಿ. ಮುಖ್ಯ ದನಿಯನ್ನು ನಡುವೆ ಇರಿಸಿ, ಪಕ್ಕವಾದ್ಯಗಳನ್ನಷ್ಟೇ ಹಿತಮಿತವಾಗಿ ಆಚೀಚೆ ಹಂಚಿದರೆ ಹಿರಿಯರ ಪದ ಯಾವ ಸಾಧನದಲ್ಲಾದರೂ, ಯಾವ ಕಿವಿಗಾದರೂ ತಲುಪುತ್ತದೆ.