ದಂಡದ ಹಣ, ದಾನದ ಪುಸ್ತಕ: ಡೆಟ್ರಾಯಿಟ್‌ನ ಗ್ರಂಥಾಲಯಗಳೂ ಲೇಖಕರೂ

ಮೋಟಾರು ಉದ್ಯಮದ ರಾಜಧಾನಿಯೆನಿಸಿದ್ದ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1950ರ ಜನಗಣತಿಯ ಹೊತ್ತಿಗೆ ಹದಿನೆಂಟೂವರೆ ಲಕ್ಷ ಜನರಿದ್ದರು. 2010ರಲ್ಲಿ ಆ ಸಂಖ್ಯೆ ಏಳು ಲಕ್ಷದ ಆಸುಪಾಸಿಗೆ ಇಳಿದಿತ್ತು. 2013ರ ಜುಲೈ 18ರಂದು ನಗರಾಡಳಿತವು ಸುಮಾರು 1,800 ಕೋಟಿ ಡಾಲರ್ ಸಾಲ ತೀರಿಸಲಾಗದೆ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಸಲ್ಲಿಸಿತು. ಮರುವರ್ಷದಿಂದ ಅಲ್ಲಿನ ಬೀದಿಬದಿಗಳಲ್ಲಿ ಪುಸ್ತಕ ತುಂಬಿದ ಮರದ ಪೆಟ್ಟಿಗೆಗಳು ಕಾಣಿಸಿಕೊಳ್ಳತೊಡಗಿದ್ದರಿಂದ, ಲೇಖಕರು ಇಂಥ ಪುಟ್ಟ ಗ್ರಂಥಾಲಯಗಳಿಗೆ ತಮ್ಮ ಪುಸ್ತಕಗಳನ್ನು ಕೊಡುವುದನ್ನು ಸಂಕಷ್ಟಕಾಲದ ಹೊಸ ಔದಾರ್ಯವೆಂದು ಬಣ್ಣಿಸುವುದು ಸುಲಭ. ಆದರೆ ಆ ನಗರದಲ್ಲಿ ಬರೆಯುವವರಿಗೂ ಗ್ರಂಥಾಲಯಕ್ಕೂ ಇರುವ ಕೊಡುಕೊಳೆ ದಿವಾಳಿಗಿಂತ ಬಹಳ ಹಳೆಯದು, ಮತ್ತು ಅದರ ಶ್ರೇಷ್ಠ ಕಾಲವು ಪೆಟ್ಟಿಗೆಗಳ ಕಾಲವಲ್ಲ.

ಮಿಶಿಗನ್ ರಾಜ್ಯದ 1835ರ ಸಂವಿಧಾನದಲ್ಲಿ ಬೇರೆಡೆ ಅಪರೂಪವಾದ ಒಂದು ವಿಧಿಯಿದೆ: ಅಪರಾಧಗಳಿಗೆ ವಿಧಿಸಿದ ದಂಡದ ಹಣ ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಬೇಕು. ಇಂದಿಗೂ ಜಾರಿಯಲ್ಲಿರುವ ಈ ಏರ್ಪಾಟಿನ ಬಲದಿಂದಲೇ 1865ರಲ್ಲಿ, ಒಂದು ಪ್ರೌಢಶಾಲೆಯ ಕೋಣೆಯಲ್ಲಿ, ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯ ಬಾಗಿಲು ತೆರೆಯಿತು. ಹೀಗೆ ಅದರ ಬುನಾದಿ ದಾನವಾಗಿರದೆ ಕಾನೂನಾಗಿತ್ತು. ದಾನವು ಬಂದಾಗ ನಗರವು ಅದನ್ನು ತಕ್ಷಣ ಸ್ವೀಕರಿಸಲೂ ಇಲ್ಲ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ 1901ರಲ್ಲಿ ಗ್ರಂಥಾಲಯ ಕಟ್ಟಡಗಳಿಗಾಗಿ ಏಳೂವರೆ ಲಕ್ಷ ಡಾಲರ್ ನೀಡಲು ಮುಂದೆ ಬಂದಾಗ, 1892ರಲ್ಲಿ ಹೋಮ್‌ಸ್ಟೆಡ್‌ನ ಆತನ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರು ಕೊಲ್ಲಲ್ಪಟ್ಟುದನ್ನು ಮರೆಯದ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಒಪ್ಪಿಗೆ ದೊರೆತದ್ದು 1910ರಲ್ಲಿ. ಆ ಹಣದ ಒಂದು ಭಾಗ ಬಡಾವಣೆಗಳ ಶಾಖಾ ಗ್ರಂಥಾಲಯಗಳಿಗೆ ಹೋಯಿತು. ಮತ್ತೊಂದು ಭಾಗ ಸೇರಿ, ವುಡ್‌ವರ್ಡ್ ಅವೆನ್ಯೂದಲ್ಲಿ ಕ್ಯಾಸ್ ಗಿಲ್ಬರ್ಟ್ ವಿನ್ಯಾಸದ ಬಿಳಿ ಅಮೃತಶಿಲೆಯ ಕೇಂದ್ರ ಗ್ರಂಥಾಲಯ 1921ರಲ್ಲಿ ಎದ್ದುನಿಂತಿತು.

ಈ ನಡುವೆ ಲೇಖಕನೊಬ್ಬನಿಂದ ನಗರಕ್ಕೆ ದೊಡ್ಡ ಕೊಡುಗೆಯೊಂದು ಸಂದಿತು. ವೃತ್ತಿಯಿಂದ ವಕೀಲನಾಗಿ, ಜಮೀನುಗಳ ಒಡೆತನದ ದಾಖಲೆಗಳನ್ನು ಶೋಧಿಸಿ ಕೊಡುವ ಸಂಸ್ಥೆಯ ಮಾಲೀಕನಾಗಿ, ಪ್ರವೃತ್ತಿಯಿಂದ ಇತಿಹಾಸಕಾರನಾಗಿದ್ದ ಕ್ಲಾರೆನ್ಸ್ ಬರ್ಟನ್, ತಾನು ದಶಕಗಳ ಕಾಲ ಕೂಡಿಹಾಕಿದ್ದ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಪತ್ರಗಳನ್ನೂ 1914ರಲ್ಲಿ ಗ್ರಂಥಾಲಯಕ್ಕೆ ಬಿಟ್ಟುಕೊಟ್ಟನು. ತಾನು ಬರೆದ ಪುಸ್ತಕದ ಜೊತೆಗೆ ಅದಕ್ಕೆ ಆಧಾರವಾದ ಸಾಮಗ್ರಿಯನ್ನೂ ಕೊಡುವ ಈ ಬಗೆಯ ದಾನ ಸಂಶೋಧಕರಿಗೆ ಬೇಕಾದದ್ದು. ಕಾರ್ಖಾನೆಯಿಂದ ಮರಳುವ ಕೆಲಸಗಾರನ ಸಂಜೆಯ ಓದಿಗೆ ಅದು ಒದಗುವುದಿಲ್ಲ.

ಆ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡ ಲೇಖಕ ಡಡ್ಲಿ ರ್‍ಯಾಂಡಲ್. 1914ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಡೆಟ್ರಾಯಿಟ್‌ಗೆ ಬಂದ ಈ ಕಪ್ಪು ಕವಿ, ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯ ಎರಕದ ಮನೆಯಲ್ಲಿ ದುಡಿದು, ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿ, ನಡುವಯಸ್ಸು ಸಮೀಪಿಸುವಾಗ ಗ್ರಂಥಾಲಯ ವಿಜ್ಞಾನದ ಪದವಿ ಪಡೆದು ಗ್ರಂಥಪಾಲಕರಾದವರು. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ಬಾಂಬಿಗೆ ಬಲಿಯಾದ ನಾಲ್ವರು ಬಾಲಕಿಯರ ಕುರಿತ ತಮ್ಮ ಪದ್ಯವನ್ನು ಗಾಯಕನೊಬ್ಬ ಹಾಡಾಗಿಸಲು ಕೇಳಿದಾಗ, ಹಕ್ಕುಸ್ವಾಮ್ಯ ಕೈತಪ್ಪದಂತೆ ಅದನ್ನು ತಾವೇ ಅಚ್ಚು ಹಾಕಿಸಲು ನಿರ್ಧರಿಸಿದರು. ಗ್ರಂಥಪಾಲಕನ ಸಂಬಳದಿಂದ ತೆಗೆದ ಹನ್ನೆರಡು ಡಾಲರ್ ಬಂಡವಾಳದಲ್ಲಿ 1965ರಲ್ಲಿ ಹುಟ್ಟಿದ ಆ ಪ್ರಕಾಶನದ ಹೆಸರು ಬ್ರಾಡ್‌ಸೈಡ್ ಪ್ರೆಸ್. ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ ಅಚ್ಚಾಗುವ, ಹಿಂದೆ ಬೀದಿಯಲ್ಲಿ ಮಾರಾಟವಾಗುತ್ತಿದ್ದ ಪದ್ಯದ ಹಾಳೆಗೆ ಇಂಗ್ಲಿಷಿನಲ್ಲಿ ಬ್ರಾಡ್‌ಸೈಡ್ ಎನ್ನುತ್ತಾರೆ. ಹಾಳೆಗಳ ಬೆನ್ನಿಗೇ ತೆಳು ಪುಸ್ತಿಕೆಗಳು ಬಂದವು, ಮತ್ತು ಲಕೋಟೆಗೆ ವಿಳಾಸ ಬರೆಯುವುದರಿಂದ ಹಿಡಿದು ಲೆಕ್ಕಪತ್ರದವರೆಗೆ ಬಹುಪಾಲು ಕೆಲಸ ರ್‍ಯಾಂಡಲ್ ಅವರ ಮನೆಯಲ್ಲೇ ನಡೆಯಿತು. ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಷಿಕಾಗೋದ ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್, ನ್ಯೂಯಾರ್ಕಿನ ದೊಡ್ಡ ಪ್ರಕಾಶಕರನ್ನು ಬಿಟ್ಟು 1969ರಲ್ಲಿ ತಮ್ಮ ‘ರಯಟ್’ ಎಂಬ ಕೃತಿಯನ್ನು ಈ ಮನೆಪ್ರಕಾಶನಕ್ಕೆ ಕೊಟ್ಟದ್ದಲ್ಲದೆ ಅದರ ಗೌರವಧನವನ್ನೂ ಪ್ರಕಾಶನಕ್ಕೇ ಬಿಟ್ಟುಕೊಟ್ಟರು. ಅಚ್ಚಾದ ಹತ್ತು ಪ್ರತಿಗಳನ್ನು ಕಪಾಟಿಗೆ ದಾನ ಮಾಡುವುದಕ್ಕಿಂತ ಇದು ಹಿರಿದಾದ ದಾನ. ಏಕೆಂದರೆ ಬ್ರೂಕ್ಸ್ ಬಿಟ್ಟುಕೊಟ್ಟ ಹಣದಿಂದ ಇನ್ನೊಬ್ಬ ಹೊಸ ಕವಿಯ ಪುಸ್ತಕ ಅಚ್ಚಾಗಲು ದಾರಿಯಾಗುತ್ತಿತ್ತು. ಡೆಟ್ರಾಯಿಟ್‌ನ ಶಿಕ್ಷಕಿ, ಕವಯಿತ್ರಿ ನವೋಮಿ ಲಾಂಗ್ ಮ್ಯಾಜೆಟ್ 1972ರಲ್ಲಿ ಹುಟ್ಟಿದ ಲೋಟಸ್ ಪ್ರೆಸ್ ಅನ್ನು ದಶಕಗಳ ಕಾಲ ಇದೇ ಹಾದಿಯಲ್ಲಿ ನಡೆಸಿದರು, ಮತ್ತು ಎರಡೂ ಪ್ರಕಾಶನಗಳು 2015ರಲ್ಲಿ ಒಂದಾದವು.

ಅದೇ 1969ರಲ್ಲಿ ದೂರದ ವಾಷಿಂಗ್ಟನ್‌ನಲ್ಲಿ ಆದ ಕಾನೂನೊಂದು ಲೇಖಕರ ದಾನಕ್ಕೆ ಪೆಟ್ಟು ಕೊಟ್ಟಿತು. ಅಲ್ಲಿಯವರೆಗೆ ಲೇಖಕನು ತನ್ನ ಹಸ್ತಪ್ರತಿಯನ್ನೋ ಪತ್ರಗಳನ್ನೋ ಗ್ರಂಥಾಲಯಕ್ಕೆ ಕೊಟ್ಟರೆ ಅದರ ಮಾರುಕಟ್ಟೆ ಬೆಲೆಯನ್ನು ತೆರಿಗೆಗೊಳಪಡುವ ಆದಾಯದಿಂದ ಕಳೆಯಬಹುದಿತ್ತು. ತೆರಿಗೆ ಸುಧಾರಣೆಯ ನಂತರ ಕಳೆಯಬಹುದಾದದ್ದು ಕಾಗದ, ಶಾಯಿಯ ಖರ್ಚು ಮಾತ್ರ. ಅದೇ ಹಸ್ತಪ್ರತಿಯನ್ನು ಕೊಂಡು ವರ್ಷಗಟ್ಟಲೆ ಇಟ್ಟುಕೊಂಡ ಸಂಗ್ರಾಹಕನು ದಾನ ಮಾಡಿದರೆ ಪೂರ್ಣ ಬೆಲೆಯ ವಿನಾಯಿತಿ ಪಡೆಯಬಲ್ಲನು, ಬರೆದವನು ಪಡೆಯಲಾರನು. ವಿಚಿತ್ರವಾದರೂ ಇದೇ ಇಂದಿಗೂ ನಿಯಮ. ಬ್ರಿಟನ್ನಿನಲ್ಲಿ 1979ರ ಕಾನೂನಿನ ಪ್ರಕಾರ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕನಿಗೆ ಸಣ್ಣ ಮೊತ್ತ ಸಲ್ಲುವಂಥ ವ್ಯವಸ್ಥೆ ಕೂಡ ಅಮೆರಿಕದಲ್ಲಿಲ್ಲ. ಆದ್ದರಿಂದ ಅಲ್ಲಿ ತನ್ನ ಪುಸ್ತಕವನ್ನು ಉಚಿತವಾಗಿ ಕೊಡುವ ಲೇಖಕನು ಹಣದ ಲೆಕ್ಕದಲ್ಲಿ ಕಳೆದುಕೊಳ್ಳುವುದೇ ಹೆಚ್ಚು.

ಡೆಟ್ರಾಯಿಟ್‌ನಲ್ಲಿ 1967ರ ಜುಲೈನಲ್ಲಿ 43 ಜನರ ಸಾವಿಗೆ ಕಾರಣವಾದ ದಂಗೆಗೆ ಮೊದಲೇ ಶುರುವಾಗಿದ್ದ, ಜನರು ನಗರ ಬಿಟ್ಟುಹೋಗುವ ವಲಸೆ ಆನಂತರ ತೀವ್ರವಾಯಿತು. ಗ್ರಂಥಾಲಯದ ಮುಖ್ಯ ಆದಾಯ ಅಷ್ಟರಲ್ಲಿ ಆಸ್ತಿ ತೆರಿಗೆಯಾಗಿತ್ತು. ಮನೆಗಳು ಖಾಲಿಯಾಗಿ ಬೆಲೆ ಕುಸಿದಾಗ ಪುಸ್ತಕದ ಹಣವೂ ಕುಸಿಯಿತು. 1940ರಲ್ಲಿ ತೆರೆದಿದ್ದ, ಲೇಖಕ ಮಾರ್ಕ್ ಟ್ವೇನ್ ಹೆಸರಿನ ಶಾಖೆಯ ಗತಿ ಇದಕ್ಕೆ ನಿದರ್ಶನ: 1990ರ ದಶಕದಲ್ಲಿ ದುರಸ್ತಿಗೆಂದು ಮುಚ್ಚಿದ ಕಟ್ಟಡ ಮತ್ತೆ ತೆರೆಯಲಿಲ್ಲ, 2011ರಲ್ಲಿ ನೆಲಸಮವಾಯಿತು. ಟ್ವೇನ್ ಸ್ವತಃ 1908ರಲ್ಲಿ ಕನೆಕ್ಟಿಕಟ್ ರಾಜ್ಯದ ರೆಡಿಂಗ್ ಎಂಬ ಸಣ್ಣ ಊರಿಗೆ ತನ್ನ ಸಂಗ್ರಹದಿಂದಲೇ ಪುಸ್ತಕಗಳನ್ನು ಕೊಟ್ಟು ಗ್ರಂಥಾಲಯ ಸ್ಥಾಪಿಸಿದವನು. ಅಲ್ಲಿ ಆತನ ಹೆಸರಿನ ಗ್ರಂಥಾಲಯ ಈಗಲೂ ನಡೆಯುತ್ತಿದೆ.

ಬೀದಿಬದಿಯ ಪೆಟ್ಟಿಗೆಯ ಕಲ್ಪನೆ ಡೆಟ್ರಾಯಿಟ್‌ನದಲ್ಲ. ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಊರಿನಲ್ಲಿ ಟಾಡ್ ಬೋಲ್ ಎಂಬಾತ 2009ರಲ್ಲಿ, ಶಾಲಾ ಶಿಕ್ಷಕಿಯಾಗಿದ್ದ ತಾಯಿಯ ನೆನಪಿಗೆ, ಏಕಕೊಠಡಿ ಶಾಲೆಯ ಆಕಾರದ ಪೆಟ್ಟಿಗೆಯೊಂದನ್ನು ಮನೆಯ ಮುಂದೆ ನಿಲ್ಲಿಸಿದನು. ಅದರಿಂದ ಬೆಳೆದ ‘ಲಿಟ್ಲ್ ಫ್ರೀ ಲೈಬ್ರರಿ’ ಸಂಸ್ಥೆಯು ಕಾರ್ನೆಗಿಯ 2,509 ಗ್ರಂಥಾಲಯಗಳನ್ನು ಒಂದರಿಂದ ಮೀರಿಸುವುದನ್ನೇ ಮೊದಲ ಗುರಿಯಾಗಿಟ್ಟುಕೊಂಡು 2012ರಲ್ಲಿ ಅದನ್ನು ದಾಟಿತು. ಕಲ್ಲಿನ ಕಟ್ಟಡವನ್ನೂ ಕಂಬದ ಮೇಲಿನ ಪೆಟ್ಟಿಗೆಯನ್ನೂ ಒಂದೇ ಲೆಕ್ಕಕ್ಕೆ ಹಿಡಿಯುವ ಈ ಎಣಿಕೆಯನ್ನು ತುಸು ನಗುವಿನಿಂದಲೇ ನೋಡಬೇಕಾಗುತ್ತದೆ. 2014ರಲ್ಲಿ ಡೆಟ್ರಾಯಿಟ್‌ನಲ್ಲಿ ಪತ್ರಕರ್ತೆಯೊಬ್ಬರ ಮುಂದಾಳತ್ವದಲ್ಲಿ ನಗರದ ದೂರವಾಣಿ ಸಂಕೇತ ಸಂಖ್ಯೆಯಾದ 313ರಷ್ಟು ಪೆಟ್ಟಿಗೆಗಳನ್ನು ನಿಲ್ಲಿಸುವ ಯತ್ನ ಆರಂಭವಾಯಿತು. ಆ ಹೊತ್ತಿಗೆ ಊರಿನಲ್ಲಿ ಪಾಳುಬಿದ್ದ ಅಥವಾ ಪಾಳುಬೀಳುತ್ತಿದ್ದ ಕಟ್ಟಡಗಳೇ ಸುಮಾರು 78,000 ಇದ್ದವು.

ಪೆಟ್ಟಿಗೆಯ ರಚನೆ ಸರಳ. ಎದೆಮಟ್ಟದ ಕಂಬ, ಅದರ ಮೇಲೆ ಇಳಿಜಾರು ಮಾಡಿನ ಮರದ ಗೂಡು, ಗಾಜು ಕೂಡಿಸಿದ ಬಾಗಿಲು, ಒಳಗೆ ಒಂದೋ ಎರಡೋ ಅರೆ, ನೋಂದಣಿಯಾಗಿದ್ದರೆ ಕ್ರಮಸಂಖ್ಯೆಯ ಫಲಕ. ಇಪ್ಪತ್ತು ಮೂವತ್ತು ಪುಸ್ತಕಗಳಿಗೆ ಗೂಡು ತುಂಬುತ್ತದೆ. ಬೀಗವಿಲ್ಲ, ಸದಸ್ಯತ್ವವಿಲ್ಲ, ವಾಯಿದೆ ಮೀರಿದ ದಂಡವಿಲ್ಲ. ಇಂಥ ಗೂಡಿಗೆ ಸ್ಥಳೀಯ ಲೇಖಕರು ಇಡುವುದು ಸಾಮಾನ್ಯವಾಗಿ ಪ್ರಕಾಶಕರು ಕೊಡುವ ಗೌರವ ಪ್ರತಿಗಳು, ಅಥವಾ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಮಾರಾಟವಾಗದೆ ಉಳಿದ ಕಟ್ಟುಗಳ ಪ್ರತಿಗಳು. ಎರಡನೆಯದನ್ನು ಔದಾರ್ಯವೆನ್ನುವುದಕ್ಕಿಂತ ಓದುಗನ ಹುಡುಕಾಟ ಎನ್ನುವುದೇ ಸರಿ, ಮತ್ತು ಅದರಲ್ಲಿ ನಾಚಬೇಕಾದದ್ದೇನೂ ಇಲ್ಲ: ಪುಸ್ತಕದಂಗಡಿಯಿಲ್ಲದ ಬೀದಿಯಲ್ಲಿ ಲೇಖಕನಿಗೆ ಓದುಗ ಸಿಗುವ ಜಾಗ ಅದೊಂದೇ ಆಗಿರಬಹುದು.

ಆದರೆ ಓದಲು ಬಾರದ ಮಗುವಿಗೆ ಪೆಟ್ಟಿಗೆ ಏನು ಮಾಡಬಲ್ಲದು? ಓದು ಕಲಿಯುವ ಹಕ್ಕಿನ ಪ್ರಶ್ನೆ ಆ ನಗರದಲ್ಲೇ ನ್ಯಾಯಾಲಯದ ಮೆಟ್ಟಿಲೇರಿತು. ಶಾಲೆಗಳಲ್ಲಿ ಪಠ್ಯಪುಸ್ತಕಗಳಿಲ್ಲ, ಅರ್ಹ ಶಿಕ್ಷಕರಿಲ್ಲ ಎಂದು ಡೆಟ್ರಾಯಿಟ್‌ನ ವಿದ್ಯಾರ್ಥಿಗಳು 2016ರಲ್ಲಿ ರಾಜ್ಯದ ವಿರುದ್ಧ ದಾವೆ ಹೂಡಿದರು. ಅಕ್ಷರ ಕಲಿಕೆಗೆ ಸಂವಿಧಾನದ ರಕ್ಷಣೆಯುಂಟೆಂದು 2020ರ ಏಪ್ರಿಲ್‌ನಲ್ಲಿ ಮೇಲ್ಮನವಿ ಪೀಠವು ಎರಡಕ್ಕೆ ಒಂದರ ಬಹುಮತದಲ್ಲಿ ಹೇಳಿತು, ಮರುತಿಂಗಳು ರಾಜಿಯಾಯಿತು, ರಾಜಿಯ ನಂತರ ಆ ತೀರ್ಪು ಪೂರ್ವನಿದರ್ಶನದ ಬಲವನ್ನೂ ಕಳೆದುಕೊಂಡಿತು.

ಇತಿಹಾಸಕಾರನಿಗೆ ಉಳಿಯುವ ತೊಡಕು ಬೇರೆ ಬಗೆಯದು. ಗ್ರಂಥಾಲಯದಲ್ಲಿ ಪರಿಗ್ರಹಣ ವಹಿ, ಅಂದರೆ ಬಂದ ಪ್ರತಿಯೊಂದು ಪುಸ್ತಕದ ಕ್ರಮಸಂಖ್ಯೆಯನ್ನೂ ತಾರೀಖನ್ನೂ ಕೊಟ್ಟವರ ಹೆಸರನ್ನೂ ಬರೆದಿಡುವ ದಾಖಲೆ, ಇರುತ್ತದೆ. ಬ್ರಾಡ್‌ಸೈಡ್ ಪ್ರೆಸ್ಸಿನ ಆರಂಭದ ಹಾಳೆಗಳು ಈಗ ವಿಶ್ವವಿದ್ಯಾಲಯಗಳ ವಿಶೇಷ ಸಂಗ್ರಹಗಳಲ್ಲಿ ಹೀಗೆ ಪಟ್ಟಿಯಾಗಿ ಭದ್ರವಾಗಿವೆ, ಮನೆಗೆ ಒಯ್ಯಲು ಸಿಗುವುದಿಲ್ಲ. ಬೀದಿಯ ಗೂಡಿನಿಂದ ಹೋದ ಪುಸ್ತಕಕ್ಕೆ ಅಂಥ ದಾಖಲೆಯಿಲ್ಲ. ಅದನ್ನು ಯಾರು ಒಯ್ದರು, ಓದಿದರೋ ಇಲ್ಲವೋ ಎಂಬುದು ಕೊಟ್ಟ ಲೇಖಕನಿಗೂ ತಿಳಿಯುವುದಿಲ್ಲ.