ರೈಲು ತಲುಪದ ಸಗರನಾಡು: ಚಿತ್ರಾಕರಗಳ ಒಂದು ಅವಲೋಕನ

ರೈಲು ನಿಲ್ದಾಣಗಳ ಹಳೆಯ ಛಾಯಾಚಿತ್ರಗಳನ್ನು ಸ್ಥಳೀಯ ಚರಿತ್ರೆಯ ಆಕರಗಳಾಗಿ ಬಳಸುವವರು, ಹಳಿಯಿಂದ ದೂರ ಉಳಿದ ಊರುಗಳನ್ನೂ ಗಮನಿಸಬೇಕಾಗುತ್ತದೆ. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಮಾರ್ಗದ ನಿಲ್ದಾಣವಾಯಿತು. ಭೀಮೆಯ ಆಚೆಗಿನ ಶಹಾಪುರ, ಸುರಪುರಗಳಿಗೆ ಹಳಿ ಬರಲಿಲ್ಲ.

ಅಷ್ಟರಲ್ಲಿ ಸುರಪುರ ಸಂಸ್ಥಾನವೇ ಅಳಿದಿತ್ತು. 1858ರ ಬಂಡಾಯದಲ್ಲಿ ಸೆರೆಸಿಕ್ಕ ರಾಜಾ ವೆಂಕಟಪ್ಪ ನಾಯಕನು ಅದೇ ವರ್ಷ ಮಡಿದನು; 1860ರಲ್ಲಿ ಸೀಮೆಯು ನಿಜಾಮನ ವಶವಾಯಿತು. ಆದ್ದರಿಂದ ಬೇಡನಾಯಕರ ರಾಜಧಾನಿಯ ಕೊನೆಯ ದಿನಗಳನ್ನು ಅರಿಯಲು ನಿಲ್ದಾಣದ ಚಿತ್ರಗಳು ನೆರವಾಗವು. ಅದಕ್ಕೆ ಮೆಡೋಸ್ ಟೇಲರನ ಬರಹಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಗಿದೆ. 1841ರಿಂದ 1853ರವರೆಗೆ ಬ್ರಿಟಿಷರ ಪರವಾಗಿ ಅಲ್ಲಿದ್ದ ಆತನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಬಾಲರಾಜನ ಮೇಲಿನ ಅದರ ಮಮತೆ ಹುಸಿಯಲ್ಲ. ಆದರೆ ಅದು ಆಡಳಿತ ನಡೆಸಿದವನ ನೋಟವೆಂಬುದನ್ನು ಮರೆಯಲಾಗದು. ಯಾದಗಿರಿಯ ನಿಲ್ದಾಣಚಿತ್ರಗಳನ್ನು ಈ ಬರಹಗಳ ಪಕ್ಕದಲ್ಲಿಟ್ಟು ಓದಿದಾಗಲೇ ಭೀಮೆಯ ಎರಡು ದಡಗಳ ಅಂತರ ತಿಳಿಯುತ್ತದೆ.