ಅರಮನೆಯು ಕಲಾಶಾಲೆಯಾದ ಬಗೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಸೀಮೆಗಳಲ್ಲಿ ಸಂಚರಿಸುವ ಭಕ್ತರಿಗೆ ಪೂರ್ವಿಕರ ಕಟ್ಟಡಗಳ ದರ್ಶನವು ಅಲ್ಲಲ್ಲಿ ಆಗುತ್ತಲೇ ಇರುವುದು. ಮಧುಗಿರಿಯ ದುರ್ಗ, ಮಿಡಿಗೇಶಿ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡ ಇವೆಲ್ಲವೂ ಪಾಳೆಯಗಾರರ ಕಾಲವನ್ನು ನೆನಪಿಗೆ ತರತಕ್ಕವು. ಸಿರಾ ಪಟ್ಟಣದಲ್ಲಿ 1651ರ ಮಲಿಕ್ ರೈಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಇಂದಿಗೂ ನಿಂತಿರುವುವು. ಆದರೆ ಅದೇ ಪಟ್ಟಣದಲ್ಲಿದ್ದ ದಿಲಾವರಖಾನನ ಅರಮನೆಯು ಉಳಿಯಲಿಲ್ಲ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಇದೇ ಮಾದರಿಯಾಯಿತೆಂದು ಇತಿಹಾಸಜ್ಞರು ಬರೆದಿರುವರು. ಮಾತೃಕೆಯು ಅಳಿದು ಪ್ರತಿಯು ಉಳಿಯುವುದು ಓಲೆಯ ಗ್ರಂಥಗಳನ್ನು ಬಲ್ಲವರಿಗೆ ಹೊಸ ಸಂಗತಿಯಲ್ಲ.

ಶ್ರೀರಂಗಪಟ್ಟಣದಲ್ಲಿಯೂ ಲಾಲಮಹಲು ಹೋಯಿತು. 1784ರ ದರಿಯಾದೌಲತ್ತು ಮಾತ್ರ ಉಳಿಯಿತು. ಅದರ ಗೋಡೆಯ ಯುದ್ಧಚಿತ್ರಗಳ ಚರಿತ್ರೆಯು ವಿಚಿತ್ರವಾದುದು. ಮುತ್ತಿಗೆಗೆ ಮುಂಚೆಯೇ ಕೆಟ್ಟಿದ್ದ ಆ ಚಿತ್ರಗಳನ್ನು 1799ರ ತರುವಾಯ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಸರಿಪಡಿಸಿದನು. ಅನಂತರ ಯಾರೋ ಅವುಗಳ ಮೇಲೆ ಸುಣ್ಣ ಬಳಿದುಬಿಟ್ಟರು! ಗವರ್ನರ್ ಜನರಲನಾಗಿದ್ದ ಡಾಲ್‌ಹೌಸಿಯು ಸಂಚಾರಕ್ಕೆ ಬಂದಾಗ, ಮೊದಲಿನ ಚಿತ್ರಗಳನ್ನು ಕಂಡು ನೆನಪಿಟ್ಟಿದ್ದ ನಾಡಿನ ಚಿತ್ರಗಾರನೊಬ್ಬನಿಂದ ಅವನ್ನು ಮರಳಿ ಬರೆಯಿಸಿದನು. ಆ ಚಿತ್ರಗಾರನು ಇಲ್ಲದಿದ್ದ ಪಕ್ಷದಲ್ಲಿ ಅಪ್ಪಣೆಯಿಂದ ಏನಾಗುತ್ತಿದ್ದಿತು? ಕಟ್ಟಡವನ್ನು ಕಲಾವಿದನು ಉಳಿಸಿದ ಈ ನಿದರ್ಶನವನ್ನು ಮರೆಯಲಾಗದು.

ಕಲಾವಿದರಿಗಾಗಿ ಕಟ್ಟಡವನ್ನು ಬಿಟ್ಟುಕೊಟ್ಟ ನಿದರ್ಶನವಾದರೋ ಮೈಸೂರಿನ ಜಗನ್ಮೋಹನ ಅರಮನೆಯದು. ಮುಮ್ಮಡಿ ಕೃಷ್ಣರಾಜ ಒಡೆಯರವರು 1861ರಲ್ಲಿ ಇದನ್ನು ಕಟ್ಟಿಸಿದರು. ಒಳಗೋಡೆಗಳ ಮೇಲೆ ಯದುವಂಶದ ವಂಶವೃಕ್ಷವೂ ದಸರಾ ಮೆರವಣಿಗೆಯೂ ಚಿತ್ರಿಸಲ್ಪಟ್ಟಿರುವುವು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹಕಾಲದಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಗಲು, ರಾಜಕುಟುಂಬವು ಇಲ್ಲಿ ಬಂದು ನೆಲಸಿತು. 1902ರ ಆಗಸ್ಟಿನಲ್ಲಿ ಕರ್ಜನ್ ಪ್ರಭುವಿನ ಸಮಕ್ಷಮದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಧಿಕಾರ ಸ್ವೀಕರಿಸಿದುದೂ, 1907ರಲ್ಲಿ ಶಾಸನಸಭೆಯು ಮೊದಲು ಸೇರಿದುದೂ ಇಲ್ಲಿಯೇ. 1912ರಲ್ಲಿ ಹೊಸ ಅರಮನೆಯು ಪೂರ್ತಿಯಾದ ಮೇಲೆ ಇದಕ್ಕೆ ಕೆಲಸವಿಲ್ಲದಾಯಿತು. ಇಂತಹ ಸ್ಥಿತಿಯಲ್ಲಿ ಬೀಗ ಹಾಕುವುದು ಲೋಕರೂಢಿ. ನಾಲ್ವಡಿಯವರು ಹಾಗೆ ಮಾಡದೆ 1915ರಲ್ಲಿ ಇದನ್ನು ಚಿತ್ರಶಾಲೆಯನ್ನಾಗಿ ಮಾಡಿದರು. ರವಿವರ್ಮನ ಚಿತ್ರಗಳೂ, ಕೆ. ವೆಂಕಟಪ್ಪನವರ ಕೃತಿಗಳೂ, ಹಳದಣಕರರ ದೀಪಧಾರಿಣಿಯ ಚಿತ್ರವೂ ಇಲ್ಲಿ ನೆಲೆಗೊಂಡುವು. ಬೆಂಗಳೂರಿನ ಮಾಣಿಕ್ಯವೇಲು ಮಂದಿರವೂ ಇದೇ ದಾರಿಯನ್ನು ಹಿಡಿದು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವಾಗಿ ತೆರೆಯಿತು.

ಚಿತ್ರಕ್ಕೆ ದೊರೆತ ಈ ಭಾಗ್ಯವು ನಾಟಕಕ್ಕೆ ಅಷ್ಟಾಗಿ ದೊರೆಯಲಿಲ್ಲ. ನಮ್ಮ ಸಮಾಜದವರೇ ಆದ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದುದು ಅರಮನೆಯ ಆಶ್ರಯದಲ್ಲಿ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವಾದರೆ, ವೀರಣ್ಣನವರ ಮುಂದಾಳುತನದಲ್ಲಿ ನಾಡೆಲ್ಲ ಕೀರ್ತಿ ಪಡೆದರೂ, ಊರೂರಿಗೆ ತನ್ನ ಪರದೆ ಪೆಟ್ಟಿಗೆಗಳನ್ನು ಹೊತ್ತು ತಿರುಗಬೇಕಾಯಿತು. ಮೂಡಲಪಾಯದ ಭಾಗವತರ ಗತಿಯು ಇನ್ನೂ ಕಷ್ಟದ್ದು. ಅವರ ಮರದ ಕಿರೀಟ, ಭುಜಕೀರ್ತಿಗಳನ್ನು ಇಡಲು ಗೆದ್ದಲಿಲ್ಲದ ಒಂದು ಕೋಣೆಯೂ ಎಷ್ಟೋ ಗ್ರಾಮಗಳಲ್ಲಿ ಇಲ್ಲ. ಅಭ್ಯಾಸಕ್ಕೆ ಗುಡಿಯ ಮುಂದಣ ಬಯಲೇ ಗತಿ. ಮಳೆ ಬಂದರೆ ತಾಲೀಮು ನಿಂತಿತು.

ಆದುದರಿಂದ ಈ ಸೀಮೆಯ ಹಳೆಯ ಚಾವಡಿ, ಛತ್ರ, ಮಂಟಪಗಳಲ್ಲಿ ಒಂದೆರಡನ್ನಾದರೂ ಜೀರ್ಣೋದ್ಧಾರ ಮಾಡಿ ಇಂತಹವರಿಗೆ ಒಪ್ಪಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮಧುಗಿರಿಯ ಕೋಟೆ, ಸಿರಾದ ಮಸೀದಿ ಮುಂತಾದುವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅವುಗಳ ಗೊಡವೆಗೆ ಹೋಗಲಾಗದು, ಹೋಗಲೂ ಬೇಕಿಲ್ಲ. ಹೇಳುವವರು ಕೇಳುವವರು ಇಲ್ಲದೆ ಬಿದ್ದಿರುವ ಕಟ್ಟಡಗಳೇ ಸಾಕಷ್ಟಿವೆ.

ಆದರೆ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಕಟ್ಟಡವನ್ನೇ ಕೆಡಿಸುವ ಉತ್ಸಾಹವು ಈಗ ಹೆಚ್ಚಾಗಿರುವುದರಿಂದ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣವನ್ನು ನೀರಿನಲ್ಲಿ ಬಹುದಿನ ಕೊಳೆಹಾಕಿ, ಮರಳು ಬೆರೆಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು ಅಳಲೆಕಾಯಿಯ ರಸಗಳನ್ನು ಕೂಡಿಸಿ ಈ ಗಾರೆಯನ್ನು ಸಿದ್ಧಪಡಿಸುತ್ತಿದ್ದರು. ಇಂತಹ ಗೋಡೆಯು ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಕ್ಕೆ ಬಿಡುವುದು. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವವು ಒಳಗೇ ಸಿಕ್ಕಿಬಿದ್ದು, ಉಪ್ಪು ಹೊರಟು, ಕೆಲವೇ ವರ್ಷಗಳಲ್ಲಿ ಮೆತ್ತಿದ ಹೊದಿಕೆಯು ಹಳೆಯ ಗಾರೆಯನ್ನೂ ಕಿತ್ತುಕೊಂಡು ಬೀಳುವುದು. ಅಂತಹ ಕೋಣೆಯಲ್ಲಿ ತೂಗುಹಾಕಿದ ಚಿತ್ರಪಟಕ್ಕೆ ಬೂಷ್ಟು ಹಿಡಿಯುವುದು. ಮರದ ವೇಷಭೂಷಣಗಳಿಗೂ ಅದೇ ಗತಿ. ಸುಣ್ಣಕ್ಕೆ ಸುಣ್ಣವೇ ಮದ್ದು. ಗಾರೆ ಅರೆಯುವುದನ್ನು ಬಲ್ಲ ಮುದುಕರು ಇನ್ನೂ ಬದುಕಿರುವಾಗಲೇ ಅವರ ಕೈಕೆಳಗೆ ನಾಲ್ಕು ಮಂದಿ ಹುಡುಗರನ್ನು ಬಿಡತಕ್ಕದ್ದು. ಅದಕ್ಕೂ ಮೊದಲು ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಿ, ಗೋಡೆಯ ಬಿರುಕಿನಲ್ಲಿ ಬೇರುಬಿಟ್ಟ ಅರಳಿಯ ಗಿಡಗಳನ್ನು ಕೀಳಿಸಬೇಕು. ಈ ಕೆಲಸಕ್ಕೆ ಹೆಚ್ಚಿನ ಹಣವೂ ಬೇಡ. ಮುಂಗಾರಿಗೆ ಮುಂಚೆ ಊರಿನವರು ಒಂದು ದಿನ ಏಣಿ ಹಾಕಿದರೆ ಆಗುವುದು.